ಫಿಟ್ಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಿಗೆ: ಸುಮ್ನೆ ಸಹಿಸಬೇಡಿ, ಸುಮ್ನೆ ನಿಲ್ಲಿಸಲೂ ಬೇಡಿ

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ಫಸ್ಟ್ ಪಿಯುಸಿಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆ ಸಾಲಿನಲ್ಲಿ ನಿಂತವಳು ಬಿದ್ದೆ. ಅಲ್ಲಿಂದ ಇವತ್ತಿಗೆ 21 ವರ್ಷ. ಅಷ್ಟರಲ್ಲಿ ನಾಲ್ಕು ಥರದ ಮಾತ್ರೆ ನುಂಗಿದ್ದೇನೆ, ಎರಡು ಸಲ ಬುದ್ಧಿವಂತಿಕೆ ಮಾಡಿ ನಾನೇ ನಿಲ್ಲಿಸಿದ್ದೇನೆ, ಎರಡು ಸಲವೂ ಬಿದ್ದಿದ್ದೇನೆ. ಎರಡನೇ ಸಲ ಮುಂದಿನ ಹಲ್ಲು ಹೋಯಿತು.

ಎರಡು ಸಲವೂ ನಿಲ್ಲಿಸಿದ್ದು ಸೈಡ್ ಎಫೆಕ್ಟ್ ತಡೆಯಲಾರದೆ. ಎರಡು ಸಲವೂ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಾತ್ರೆ ಬದಲಾಗುತ್ತಿತ್ತು ಇಲ್ಲವೇ ಡೋಸ್ ಕಡಿಮೆಯಾಗುತ್ತಿತ್ತು. ಅದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು. ನಾನು ಡಾಕ್ಟರ್ ಅಲ್ಲ, ನಿಮ್ಮ ಡೋಸ್ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಮಾತ್ರೆ ಜೊತೆ ದಿನ ಕಳೆಯುವುದು ಹೇಗೆ ಅನ್ನುವುದಷ್ಟನ್ನೇ ಬರೆಯುತ್ತೇನೆ.

ಒಂದು ಸಮಾಧಾನದ ವಿಷಯ ಮೊದಲೇ ಹೇಳಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ ಸುಮಾರು 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಈ ಮಾತ್ರೆಗಳ ಜೊತೆ ಜಗಳ ಆಡಿದರೂ ಡೈವರ್ಸ್ ಮಾತ್ರ ಬೇಡ.

1. ಮಾತ್ರೆಯ ಒಳಗಿನ ಹೆಸರು ತಿಳಿದುಕೊಳ್ಳಿ

ಡಾಕ್ಟರ್ ಕೇಳಿದರೆ "ಬಿಳೀದು ಸಾರ್, ಉದ್ದಕ್ಕಿದೆ, ರಾತ್ರಿ ಒಂದು" ಅನ್ನುವವರೇ ಜಾಸ್ತಿ. ನಾನೂ ಹಾಗೇ ಹೇಳುತ್ತಿದ್ದೆ. ಅರ್ಧ ಮಾತ್ರೆಗಳು ಬಿಳಿಯೇ ಇರುತ್ತವೆ, ಪಾಪ ಅವರಾದರೂ ಏನು ಮಾಡಬೇಕು?

ಸ್ಟ್ರಿಪ್ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಪಕ್ಕದಲ್ಲೋ ಕೆಳಗೋ ಚಿಕ್ಕದಾಗಿ ಇರುವುದು ಔಷಧಿಯ ಹೆಸರು. ಎಪ್ಟಾಯಿನ್ ಒಳಗಿರುವುದು ಫೆನಿಟಾಯಿನ್. ವಾಲ್ಪಾರಿನ್ ಒಳಗೆ ವಾಲ್ಪ್ರೊಯೇಟ್. ಟೆಗ್ರಿಟಾಲ್ ಅಂದರೆ ಕಾರ್ಬಮಜಪೈನ್, ಲೆವಿಪಿಲ್ ಅಂದರೆ ಲೆವೆಟಿರಾಸಿಟಮ್, ಫ್ರಿಸಿಯಂ ಅಂದರೆ ಕ್ಲೋಬಜಾಮ್. ಒಳಗಿನ ಹೆಸರು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅದರ ಫೋಟೋ ಮೊಬೈಲಿನಲ್ಲೂ ಇರಲಿ, ಮನೆಯವರೊಬ್ಬರ ಮೊಬೈಲಿನಲ್ಲೂ ಇರಲಿ.

ಹೆಸರಿನ ಹಿಂದೆ ಸಿಆರ್, ಇಆರ್, ಕ್ರೋನೋ ಅಂತ ಬಾಲ ಇದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು. ಬಾಲ ಇಲ್ಲದ ಮಾತ್ರೆಯನ್ನು ಅಂಗಡಿಯವರು "ಎರಡೂ ಒಂದೇ ಮೇಡಂ" ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ, ಎರಡೂ ಒಂದೇ ಅಲ್ಲ.

ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಔಷಧಿಯ ಹೆಸರಿನಲ್ಲೇ ಮಾರುವ ಮಾತ್ರೆ, ಬೇಡ ಅಂತಲ್ಲ. ಜನೌಷಧಿ ಕೇಂದ್ರದಲ್ಲಿ ಖರ್ಚು ತುಂಬಾ ಉಳಿಯುತ್ತದೆ, ಜೀವನಪೂರ್ತಿ ಕೊಳ್ಳುವ ಸಾಮಾನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಈ ತಿಂಗಳು ಒಂದು ಕಂಪನಿ, ಮುಂದಿನ ತಿಂಗಳು ಇನ್ನೊಂದು ಅಂತ ಆಟ ಆಡಬೇಡಿ. ಅದರಲ್ಲೂ ಫೆನಿಟಾಯಿನ್, ಕಾರ್ಬಮಜಪೈನ್ ನುಂಗುವವರು ಡಾಕ್ಟರಿಗೆ ಹೇಳಿ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳುವುದು ಒಳ್ಳೆಯದು.

2. ಮಾತ್ರೆಯನ್ನು ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕಿ

ಅಲಾರಂ ಇಟ್ಟರೆ ಎರಡು ವಾರ ಕೇಳುತ್ತೇವೆ, ಆಮೇಲೆ ಅದನ್ನು ಆಫ್ ಮಾಡುವುದೇ ಅಭ್ಯಾಸ ಆಗಿಬಿಡುತ್ತದೆ. ನನಗೆ ಕೆಲಸಕ್ಕೆ ಬಂದದ್ದು ಬೇರೆ. ಬೆಳಗಿನ ಡೋಸ್ ಹಾಲು ಕಾಯಿಸುವಾಗ. ಒಲೆ ಮೇಲೆ ಹಾಲು ಉಕ್ಕುವುದರೊಳಗೆ ಮಾತ್ರೆ ಒಳಗೆ ಹೋಗಿರಬೇಕು. ರಾತ್ರಿಯದು ಬಾಗಿಲಿಗೆ ಚಿಲಕ ಹಾಕುವಾಗ. ಜೊತೆಗೆ ಏಳು ಮನೆಗಳ ಮಾತ್ರೆ ಡಬ್ಬಿ ಇದೆ, ಭಾನುವಾರ ತುಂಬಿಸುತ್ತೇನೆ. "ನುಂಗಿದೆನಾ, ಇಲ್ವಾ?" ಅನ್ನುವ ಅನುಮಾನ ಇದೆಯಲ್ಲ, ಆ ಮನೆ ಖಾಲಿ ಇದ್ದರೆ ನುಂಗಿದ್ದೀರಿ ಅಂತ ಅರ್ಥ. ವಾಲ್ಪ್ರೊಯೇಟ್ ನುಂಗುವವರು ಮಾತ್ರ ಡಬ್ಬಿಗೆ ಹಾಕುವಾಗ ಸ್ಟ್ರಿಪ್ಪನ್ನು ಕತ್ತರಿಸಿ ಹಾಕಿ, ಬಿಚ್ಚಿಟ್ಟರೆ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳಲೇಬೇಡಿ.

ಮರೆತರೆ? ನೆನಪಾದ ಕೂಡಲೇ ನುಂಗಿ. ಮುಂದಿನ ಡೋಸಿನ ಹೊತ್ತೇ ಹತ್ತಿರ ಬಂದಿದ್ದರೆ ಬಿಟ್ಟದ್ದನ್ನು ಬಿಟ್ಟುಬಿಡಿ, ಎರಡನ್ನೂ ಸೇರಿಸಿ ನುಂಗಬೇಡಿ. ಇದು ಸಾಮಾನ್ಯ ನಿಯಮ. ಎಷ್ಟು ಗಂಟೆ ತಡವಾದರೆ ಏನು ಮಾಡಬೇಕು, ವಾಂತಿಯಾದರೆ ಏನು ಅಂತ ನಿಮ್ಮ ಡಾಕ್ಟರ್ ಹತ್ತಿರ ಮೊದಲೇ ಕೇಳಿ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಲ್ಯಾಮೋಟ್ರಿಜಿನ್ ನುಂಗುವವರಿಗೆ ಒಂದು ವಿಶೇಷ ಎಚ್ಚರಿಕೆ ಇದೆ: ಐದಾರು ದಿನ ಪೂರ್ತಿ ತಪ್ಪಿಹೋಗಿದ್ದರೆ ಹಳೆಯ ಡೋಸಿಗೆ ನೇರವಾಗಿ ಹೋಗಬಾರದು, ಫೋನ್ ಮಾಡಿ ಕೇಳಲೇಬೇಕು. ಮತ್ತೆ ಕೆಳಗಿನಿಂದ ಮೆಲ್ಲಗೆ ಏರಿಸಬೇಕಾಗುತ್ತದೆ.

ಮಾತ್ರೆ ತಪ್ಪುವುದು ಮನೆಯಲ್ಲಿ ಅಲ್ಲ, ಊರಿಗೆ ಹೋದಾಗ. ಮದುವೆ, ಜಾತ್ರೆ, ರಾತ್ರಿ ಬಸ್ಸು. ಮಾತ್ರೆ ಲಗೇಜ್ ಡಿಕ್ಕಿಯಲ್ಲಿ, ನೀವು ಸೀಟಿನಲ್ಲಿ. ಕೈಚೀಲದಲ್ಲೇ ಇಟ್ಟುಕೊಳ್ಳಿ, ಹೋಗುವ ದಿನಕ್ಕಿಂತ ಮೂರ್ನಾಲ್ಕು ದಿನದ್ದು ಹೆಚ್ಚಿಗೆ ಇರಲಿ. ಮನೆಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನ ತಿಂಗಳದ್ದು ತನ್ನಿ. ಫೆನೋಬಾರ್ಬಿಟೋನ್, ಕ್ಲೋಬಜಾಮ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ಡಾಕ್ಟರ್ ಬರೆದ ಚೀಟಿ ಕೇಳುತ್ತಾರೆ.

ನಿದ್ದೆಗೆಟ್ಟರೆ ಮಾತ್ರೆ ನುಂಗಿದ್ದರೂ ಫಿಟ್ಸ್ ಬರಬಹುದು. ಶಿವರಾತ್ರಿ ಜಾಗರಣೆ ನಾನು ಬಿಟ್ಟು ಹದಿನೈದು ವರ್ಷವಾಯಿತು, ಶಿವ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಉಪವಾಸ ಮಾಡುವವರು "ನೀರೂ ಮುಟ್ಟಲ್ಲ" ಅಂತ ಮಾತ್ರೆಯನ್ನೂ ಬಿಡುವುದುಂಟು. ಮಾತ್ರೆ ಊಟದ ಲೆಕ್ಕಕ್ಕೆ ಬರುವುದಿಲ್ಲ ಅಂತ ಮನೆಯ ಹಿರಿಯರಿಂದಲೇ ಹೇಳಿಸಿ, ಡಾಕ್ಟರ್ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

3. ಹಾಲಿನ ಕ್ಯಾಲೆಂಡರಿನಲ್ಲೇ ಬರೆಯಿರಿ

ಇದಕ್ಕೆ ಆಪ್ ಬೇಕಾಗಿಲ್ಲ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು. ಫಿಟ್ಸ್ ಬಂದ ದಿನ 'ಫಿ'. ಕಣ್ಣು ಮಂಕಾಗಿ ಒಂದು ಕ್ಷಣ ಎಲ್ಲೋ ಹೋದ ಹಾಗಾದರೆ ಅದಕ್ಕೂ ಒಂದು ಗುರುತು, ಅದೂ ಫಿಟ್ಸೇ ಇರಬಹುದು. ಮಾತ್ರೆ ತಪ್ಪಿದರೆ ಒಂದು ಸೊನ್ನೆ. ಮುಟ್ಟಾದ ದಿನಕ್ಕೆ ಒಂದು ಚುಕ್ಕಿ, ಕೆಲವರಿಗೆ ಆ ದಿನಗಳ ಸುತ್ತಮುತ್ತಲೇ ಫಿಟ್ಸ್ ಜಾಸ್ತಿ. ಸೈಡ್ ಎಫೆಕ್ಟಿಗೂ ಒಂದೊಂದು ಪದ: ತಲೆಸುತ್ತು, ಸಿಟ್ಟು, ನಡುಕ. ಎಷ್ಟು ಗಂಟೆಗೆ ಅಂತಲೂ ಬರೆಯಿರಿ. ಮಾತ್ರೆ ನುಂಗಿ ಎರಡು ಗಂಟೆಗೆ ದಿನಾ ತಲೆ ಸುತ್ತುತ್ತದೆ ಅಂದರೆ ಡಾಕ್ಟರಿಗೆ ಅದರಿಂದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಡೋಸ್ ಹಂಚಿ ಕೊಡಬಹುದು, ದೊಡ್ಡ ಪಾಲನ್ನು ರಾತ್ರಿಗೆ ಹಾಕಬಹುದು.

ಫಿಟ್ಸ್ ಬಂದಾಗ ಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ನೋಡಲು ಹಿಂಸೆಯಾಗುತ್ತದೆ, ನಿಜ. ಆದರೆ ನಾವು ಬಾಯಲ್ಲಿ ಹೇಳುವ "ಕೈಕಾಲು ಅದುರಿತು"ಗಿಂತ ಅರ್ಧ ನಿಮಿಷದ ವಿಡಿಯೋ ನ್ಯೂರಾಲಜಿಸ್ಟ್‌ಗೆ ಹತ್ತು ಪಟ್ಟು ಹೆಚ್ಚು ಹೇಳುತ್ತದೆ.

4. ಯಾವುದು ಮಾತ್ರೆಯ ಕೆಲಸ, ಯಾವುದು ನಮ್ಮ ಸ್ವಭಾವ?

ಶುರುವಿನ ಎರಡು ಮೂರು ವಾರ ಯಾವ ಮಾತ್ರೆಯಾದರೂ ಸ್ವಲ್ಪ ತೂಕಡಿಕೆ, ತಲೆಸುತ್ತು ಇರುತ್ತದೆ. ಬಹಳಷ್ಟು ಸಲ ತಾನೇ ಇಳಿಯುತ್ತದೆ. ಇಳಿಯದೇ ಉಳಿಯುವುದೇ ನಾವು ಮಾತಾಡಬೇಕಾದ್ದು.

ಫೆನಿಟಾಯಿನ್ ಹಳೆಯದು, 1938ರಿಂದ ಬಳಕೆಯಲ್ಲಿದೆ, ಅಗ್ಗ, ಕೆಲಸವನ್ನೂ ಮಾಡುತ್ತದೆ. ನನಗೆ ಮೊದಲು ಕೊಟ್ಟದ್ದು ಇದನ್ನೇ. ಆರು ತಿಂಗಳಿಗೆ ಒಸಡು ಊದಿ ಹಲ್ಲಿನ ಮೇಲೆ ಇಳಿಯತೊಡಗಿತು. ಮೊಣಕೈಯಿಂದ ಕೆಳಗೆ, ಆಮೇಲೆ ಮೇಲ್ದುಟಿಯ ಮೇಲೆ ಕೂದಲು ದಟ್ಟವಾಯಿತು. ಹದಿನೇಳರ ಹುಡುಗಿಗೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆ ಕಾಲದ ಒಂದು ಫೋಟೋದಲ್ಲೂ ನಾನು ಬಾಯಿ ತೆರೆದು ನಕ್ಕಿಲ್ಲ. ಅಕ್ಕನ ಮದುವೆಗೆ ಹತ್ತು ದಿನ ಮುಂಚೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ, ಅಷ್ಟರಲ್ಲಿ ಮುಖ ಸರಿಹೋಗುತ್ತದೆ ಅನ್ನುವ ಹುಚ್ಚು ಲೆಕ್ಕ. ಛತ್ರದ ಊಟದ ಹಾಲ್‌ನಲ್ಲಿ, ಎರಡನೇ ಪಂಕ್ತಿಗೆ ಎಲೆ ಹಾಕುತ್ತಿರುವಾಗ ಬಿದ್ದೆ.

ಫೆನಿಟಾಯಿನ್ ನುಂಗುವವರು ದಿನಕ್ಕೆರಡು ಸಲ ಹಲ್ಲುಜ್ಜಿ, ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿದರೆ ಒಸಡು ಊದುವುದು ಎಷ್ಟೋ ಹತೋಟಿಗೆ ಬರುತ್ತದೆ. ಇದರಲ್ಲಿ ಇನ್ನೊಂದು ತಂಟೆಯಿದೆ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಸ್ವಲ್ಪ ಏರಿಸಿದರೂ ರಕ್ತದಲ್ಲಿ ದಿಢೀರಂತ ಏರುತ್ತದೆ. ನಡೆಯುವಾಗ ಓಲಾಟ, ಮಾತು ತೊದಲು, ಒಂದು ಎರಡಾಗಿ ಕಾಣುವುದು ಇದ್ದರೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು. "ಕುಡಿದಿದ್ದಾನಾ?" ಅಂತ ಊರವರು ಕೇಳುವ ಹಂತಕ್ಕೆ ಬರುವವರೆಗೆ ಕಾಯಬೇಡಿ.

ವಾಲ್ಪ್ರೊಯೇಟ್: ತೂಕ ಏರುತ್ತದೆ, ಕೂದಲು ಉದುರುತ್ತದೆ, ಕೈ ನಡುಗುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗುತ್ತದೆ, ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆ) ಬರಬಹುದು. ನನ್ನನ್ನು ಮೊದಲ ಸಲ ನೋಡಲು ಗಂಡಿನ ಕಡೆಯವರು ಬಂದ ದಿನ ಕಾಫಿ ಟ್ರೇ ಹಿಡಿದು ಬಂದೆ. ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಟಕಟ ಕಟಕಟ. ಹುಡುಗಿಗೆ ನಾಚಿಕೆ ಅಂದುಕೊಂಡರು ಎಲ್ಲರೂ. ನಾಚಿಕೆಯಲ್ಲ, ವಾಲ್ಪ್ರೊಯೇಟ್. ನಡುಕ ಸಾಮಾನ್ಯವಾಗಿ ಡೋಸಿಗೆ ತಕ್ಕ ಹಾಗೆ ಇರುತ್ತದೆ, ಡಾಕ್ಟರ್ ಡೋಸ್ ಇಳಿಸಿದರೆ ಇಳಿಯುತ್ತದೆ.

ಲೆವೆಟಿರಾಸಿಟಮ್ ಬೇರೆ ಔಷಧಿಗಳ ಜೊತೆ ಜಗಳ ಮಾಡುವುದು ಕಡಿಮೆ, ಮನೆಯವರ ಜೊತೆ ಮಾಡಿಸುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂದದ್ದಕ್ಕೆ ಪಾತ್ರೆಯನ್ನೇ ಸಿಂಕಿಗೆ ಸುರಿದಿದ್ದೇನೆ. ಇದು ನನ್ನ ಗುಣ ಅಂತಲೇ ಒಂದೂವರೆ ವರ್ಷ ಅಂದುಕೊಂಡಿದ್ದೆ, ಮನೆಯವರೂ ಅಂದುಕೊಂಡಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಗಿ ಒಂದು ದಿನ ಮಾತ್ರೆ ಬಿಟ್ಟೆ, ನಾಲ್ಕನೇ ದಿನ ಅಡುಗೆಕಟ್ಟೆಯ ಅಂಚಿಗೆ ಹಲ್ಲು ಬಡಿಯಿತು. ಆಮೇಲೆ ಹೋದಾಗ ಡಾಕ್ಟರ್ ಕೇಳಿದ್ದು ನನ್ನನ್ನಲ್ಲ, ಯಜಮಾನರನ್ನು: "ಇವರಿಗೆ ಸಿಟ್ಟು ಜಾಸ್ತಿ ಆಗಿದೆಯಾ?" ಅವರು ಒಂದು ಕ್ಷಣ ನನ್ನ ಮುಖ ನೋಡಿ ಆಮೇಲೆ ಹೂಂ ಅಂದರು. ಡೋಸ್ ಇಳಿಸಿ, ರಾತ್ರಿಗೆ ಚೂರು ಕ್ಲೋಬಜಾಮ್ ಸೇರಿಸಿದರು. ಮೂರು ವಾರದಲ್ಲಿ ನಾನು ನಾನಾದೆ.

ಹಾಗಾಗಿ ಸಿಟ್ಟು, ಅಳು, ಯಾವುದೂ ಬೇಡ ಅನ್ನಿಸುವುದು, ಇವನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ನಿಮಗೆ ಕಾಣದಿದ್ದರೂ ಮನೆಯವರಿಗೆ ಕಾಣುತ್ತದೆ, ಅವರನ್ನೇ ಕೇಳಿ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. ರಾತ್ರಿ ಹೊತ್ತಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದವು ಬೇಗ ಬೇಗ. ಟೋಪಿರಾಮೇಟ್‌ನಲ್ಲಿ ಬಾಯಿಗೆ ಬರಬೇಕಾದ ಪದ ಬರುವುದಿಲ್ಲ, ತೂಕ ಇಳಿಯುತ್ತದೆ, ಬೆರಳು ಜುಮ್ ಅನ್ನುತ್ತದೆ, ಕಿಡ್ನಿ ಕಲ್ಲು ಆಗಬಹುದು, ನೀರು ಚೆನ್ನಾಗಿ ಕುಡಿಯಿರಿ. ಕಾರ್ಬಮಜಪೈನ್, ಆಕ್ಸ್‌ಕಾರ್ಬಜಪೈನ್ ರಕ್ತದಲ್ಲಿ ಸೋಡಿಯಂ ಇಳಿಸಬಹುದು. ವಯಸ್ಸಾದವರಿಗೆ, ಅದರಲ್ಲೂ ಬಿಪಿಗೆ ನೀರಿಳಿಸುವ ಮಾತ್ರೆ ನುಂಗುವವರಿಗೆ ವಾಕರಿಕೆ, ಗೊಂದಲ, ಮಂಕು ಕಂಡರೆ ಸೋಡಿಯಂ ನೋಡಿಸಿ, "ವಯಸ್ಸಾಯ್ತು" ಅಂತ ಬಿಡಬೇಡಿ. ಫೆನೋಬಾರ್ಬಿಟೋನ್ ದೊಡ್ಡವರನ್ನು ತೂಕಡಿಸುವಂತೆ ಮಾಡಿದರೆ ಕೆಲವು ಮಕ್ಕಳನ್ನು ಉಲ್ಟಾ ಕಪಿಚೇಷ್ಟೆಗೆ ಹಚ್ಚುತ್ತದೆ. ಫೆನಿಟಾಯಿನ್, ಫೆನೋಬಾರ್ಬಿಟೋನ್, ಕಾರ್ಬಮಜಪೈನ್ ವರ್ಷಗಟ್ಟಲೆ ನುಂಗಿದರೆ ಮೂಳೆ ತೆಳುವಾಗಬಹುದು, ವಿಟಮಿನ್ ಡಿ ಎಷ್ಟಿದೆ ಅಂತ ಕೇಳಿ ನೋಡಿಸಿಕೊಳ್ಳಿ.

5. ಇವಕ್ಕೆ ಕಾಯುವ ಹಾಗಿಲ್ಲ

ಹೊಸ ಮಾತ್ರೆ ಶುರುವಾದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ಕೆಂಪು ದದ್ದು ಎದ್ದರೆ, ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಾರ್ಬಮಜಪೈನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್ ಇವುಗಳಲ್ಲಿ ಇದು ಅಪರೂಪಕ್ಕೆ ಬರುತ್ತದೆ, ಬಂದರೆ ಜೀವಕ್ಕೇ ಅಪಾಯ. ಬೇವಿನ ಸೊಪ್ಪಿನ ನೀರು ಹಾಕಿ ನೋಡೋಣ ಅಂತ ಕೂರಬೇಡಿ. "ಮಾತ್ರೆ ನೀವೇ ನಿಲ್ಲಿಸಬೇಡಿ" ಅಂತ ನಾನು ಹೇಳುತ್ತಲೇ ಇದ್ದೇನೆ, ಆದರೆ ದದ್ದು ಎದ್ದಾಗ ಮುಂದಿನ ಡೋಸಿಗೆ ಮುಂಚೆಯೇ ಡಾಕ್ಟರನ್ನು ಹಿಡಿಯಿರಿ.

ವಾಲ್ಪ್ರೊಯೇಟ್ ನುಂಗುವವರಿಗೆ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿ, ಅತಿಯಾದ ಮಂಪರು ಬಂದರೂ ಅಷ್ಟೇ.

6. ಐದು ನಿಮಿಷಕ್ಕೆ ತಯಾರಾಗಿ ಹೋಗಿ

ದೊಡ್ಡ ಆಸ್ಪತ್ರೆಯ ಒಪಿಡಿಯಲ್ಲಿ ಬೆಳಗಿನ ಜಾವ ಬಸ್ ಹತ್ತಿ ಬಂದು, ನಾಲ್ಕು ಗಂಟೆ ಕೂತು, ಡಾಕ್ಟರ್ ಮುಂದೆ ಸಿಗುವುದು ಐದು ನಿಮಿಷ. "ಹೇಗಿದ್ದೀರಿ?" ಅಂದ ಕೂಡಲೇ ನಮ್ಮ ಬಾಯಲ್ಲಿ ಬರುವುದು "ಪರವಾಗಿಲ್ಲ ಸಾರ್". ಅಲ್ಲಿಗೆ ಮುಗಿಯಿತು, ಹಳೆಯ ಚೀಟಿಯನ್ನೇ ಮತ್ತೆ ಬರೆದುಕೊಡುತ್ತಾರೆ. ಅವರದ್ದೂ ತಪ್ಪಲ್ಲ, ಹೊರಗೆ ಇನ್ನೂ ನೂರು ಜನ ಇದ್ದಾರೆ.

ಹಾಗಾಗಿ ಮನೆಯಲ್ಲೇ ಮೂರು ಸಾಲು ಬರೆದುಕೊಂಡು ಹೋಗಿ. ಕಳೆದ ಸಲದಿಂದ ಎಷ್ಟು ಸಲ ಬಂತು. ಎಷ್ಟು ಸಲ ಮಾತ್ರೆ ತಪ್ಪಿತು (ನಿಜ ಹೇಳಿ, ಮುಚ್ಚಿಟ್ಟರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಡೋಸ್ ಏರಿಸುತ್ತಾರೆ). ಜಾಸ್ತಿ ಕಾಡುತ್ತಿರುವ ಒಂದು ಸೈಡ್ ಎಫೆಕ್ಟ್ ಯಾವುದು. ಹತ್ತು ಹೇಳಿದರೆ ಒಂದೂ ಕೇಳಿಸುವುದಿಲ್ಲ. ಮಾತನ್ನು "ಈ ಮಾತ್ರೆ ನನಗೆ ಬೇಡ" ಅಂತ ಶುರು ಮಾಡಬೇಡಿ. "ಕೈ ನಡುಗಿ ಬರೆಯಲು ಆಗುತ್ತಿಲ್ಲ, ಇದಕ್ಕೆ ದಾರಿ ಇದೆಯಾ?" ಅನ್ನಿ. ದಾರಿ ಬಹಳಷ್ಟು ಸಲ ಇರುತ್ತದೆ.

7. ಮೆಡಿಕಲ್ ಶಾಪಿನಲ್ಲಿ ಬಾಯಿಬಿಡಿ

ನೆಗಡಿ, ಬೆನ್ನುನೋವು ಅಂತ ಹೋದಾಗ "ನಾನು ಫಿಟ್ಸ್ ಮಾತ್ರೆ ನುಂಗುತ್ತೇನೆ" ಅಂತ ಹೇಳಲೇಬೇಕು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ, ಸಿಪ್ರೋಫ್ಲೋಕ್ಸಾಸಿನ್ ಥರದ ಆಂಟಿಬಯೋಟಿಕ್ ಫಿಟ್ಸ್ ಕೆರಳಿಸಬಹುದು. ಕ್ಲಾರಿಥ್ರೋಮೈಸಿನ್ ಕಾರ್ಬಮಜಪೈನನ್ನು ರಕ್ತದಲ್ಲಿ ಏರಿಸುತ್ತದೆ. ಆಸ್ಪತ್ರೆಗೆ ಸೇರಿದಾಗ ಕೊಡುವ ಮೆರೋಪೆನೆಮ್ ಇಂಜೆಕ್ಷನ್ ವಾಲ್ಪ್ರೊಯೇಟನ್ನು ದಿಢೀರಂತ ಇಳಿಸುತ್ತದೆ. ಟಿಬಿ ಮಾತ್ರೆಗಳೂ ಈ ಲೆಕ್ಕವನ್ನೆಲ್ಲ ಏರುಪೇರು ಮಾಡುತ್ತವೆ.

ನಾಟಿ ಔಷಧಿ ಬಗ್ಗೆ ಎರಡೇ ಮಾತು. ಹೆಸರಿಲ್ಲದ ಪುಡಿಯಲ್ಲಿ ಇದೇ ಇಂಗ್ಲಿಷ್ ಔಷಧಿ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಎಷ್ಟು ಬೆರೆಸಿದ್ದಾರೆ ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ.

8. ಮದುವೆ, ಮಕ್ಕಳು

ವಾಲ್ಪ್ರೊಯೇಟ್ ನುಂಗುತ್ತಿರುವಾಗ ಗರ್ಭಿಣಿಯಾದರೆ ಸುಮಾರು 10ರಲ್ಲಿ 1 ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಇರಬಹುದು, 10ರಲ್ಲಿ 3–4 ಮಕ್ಕಳಿಗೆ ಬೆಳವಣಿಗೆಯಲ್ಲಿ, ಕಲಿಕೆಯಲ್ಲಿ ತೊಂದರೆ ಬರಬಹುದು. ನನಗೆ ಇದನ್ನು ಹೇಳಿದ್ದು ಮದುವೆ ನಿಶ್ಚಯವಾದ ಮೇಲೆ. ಅದಕ್ಕಿಂತ ಮುಂಚೆ ಐದು ವರ್ಷ ನುಂಗಿದ್ದೆ, ಯಾರೂ ಹೇಳಿರಲಿಲ್ಲ, ನನಗೂ ಕೇಳಲು ಗೊತ್ತಿರಲಿಲ್ಲ. ಹಾಗಾಗಿ ನೀವು ಕೇಳಿ, ಮಗುವಿನ ಯೋಚನೆ ಬರುವ ತಿಂಗಳುಗಳ ಮುಂಚೆಯೇ ಕೇಳಿ, ಮಾತ್ರೆ ಬದಲಾಯಿಸಲು ಸಮಯ ಬೇಕು. ಫೋಲಿಕ್ ಆಸಿಡ್ ಕೂಡ ಗರ್ಭ ನಿಲ್ಲುವ ಮುಂಚಿನಿಂದಲೇ ಶುರುವಾಗಬೇಕು. ಈಗಾಗಲೇ ಗರ್ಭಿಣಿಯಾಗಿದ್ದರೆ ಹೆದರಿ ಮಾತ್ರೆ ಬಿಸಾಡಬೇಡಿ, ಫಿಟ್ಸ್ ಬಂದರೆ ಮಗುವಿಗೂ ಅಪಾಯ. ಫೆನಿಟಾಯಿನ್, ಕಾರ್ಬಮಜಪೈನ್, ಫೆನೋಬಾರ್ಬಿಟೋನ್ ನುಂಗುವವರಿಗೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡದಿರಬಹುದು, ಅದನ್ನೂ ಕೇಳಿಕೊಳ್ಳಿ.

ಮುಚ್ಚಿಟ್ಟು ಮದುವೆ ಮಾಡುವವರಿಗೆ ಹೇಳುವುದು ಇಷ್ಟೇ: ಮುಚ್ಚಿಟ್ಟರೆ ಮಾತ್ರೆಯನ್ನೂ ಬಚ್ಚಿಟ್ಟು ನುಂಗಬೇಕು, ಬಚ್ಚಿಟ್ಟ ಮಾತ್ರೆ ತಪ್ಪುತ್ತದೆ, ತಪ್ಪಿದ ಮಾತ್ರೆ ಎಲ್ಲರ ಮುಂದೆ ಬೀಳಿಸುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಇದ್ದವರ ಮದುವೆಗೆ ಇದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಅದನ್ನೇ ಹಿಡಿದುಕೊಂಡು ಅಪ್ಪ ನಮ್ಮ ಯಜಮಾನರ ಮನೆಯವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಅದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು ಅನ್ನುವುದನ್ನೂ ಹೇಳಬೇಕು.

9. ಬಿಸಿನೀರು, ಗಾಡಿ, ಚಿಲಕ

ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಫಿಟ್ಸ್ ಬರುವವರು ನಮ್ಮ ಕರ್ನಾಟಕದಲ್ಲಿ ಬೇರೆ ಕಡೆಗಿಂತ ಜಾಸ್ತಿ. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ನೆತ್ತಿಗೆ ಹೊಯ್ದುಕೊಳ್ಳುವ ನಮ್ಮ ಅಭ್ಯಂಜನ ಇದೆಯಲ್ಲ, ಅದೇ. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ಇದನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ಉಗುರುಬೆಚ್ಚಗಿನ ನೀರು, ನೆತ್ತಿಗೆ ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಇಷ್ಟರಲ್ಲೇ ಕೆಲವರಿಗೆ ನಿಲ್ಲುತ್ತದೆ. ಇನ್ನು ಕೆಲವರಿಗೆ ತಲೆಸ್ನಾನದ ದಿನ ಮಾತ್ರ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಕೊಡುತ್ತಾರೆ, ದಿನಾ ಮಾತ್ರೆಯೇ ಬೇಕಾಗುವುದಿಲ್ಲ. ನಿಮ್ಮ ಫಿಟ್ಸ್ ಬಚ್ಚಲಲ್ಲೇ ಬರುತ್ತದೆ ಅನ್ನುವುದಾದರೆ ಡಾಕ್ಟರಿಗೆ ಬಿಡಿಸಿ ಹೇಳಿ.

ಬಚ್ಚಲಿಗೆ ಒಳಗಿಂದ ಚಿಲಕ ಹಾಕಬೇಡಿ. ಒಲೆಯಲ್ಲಿ ಹಿಂದಿನ ಬರ್ನರ್ ಬಳಸಿ. ಡ್ರೈವಿಂಗ್ ಲೈಸೆನ್ಸಿನ ಫಾರ್ಮ್ 1ರಲ್ಲಿ ಫಿಟ್ಸ್ ಇದೆಯಾ ಅಂತ ನೇರವಾಗಿ ಕೇಳುತ್ತಾರೆ, ಅಲ್ಲಿ ಸುಳ್ಳು ಬರೆಯಬೇಡಿ.

10. ನಿಲ್ಲಿಸುವ ಮಾತು

ಎಲ್ಲರೂ ಜೀವನಪೂರ್ತಿ ನುಂಗಬೇಕಾಗಿಲ್ಲ. ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಬಂದಿಲ್ಲವಾದರೆ ಕೇಳಿನೋಡಬಹುದು. ಫಿಟ್ಸಿನ ಬಗೆ, ಸ್ಕ್ಯಾನ್, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನೋಡಿ ಅವರು ಹೂಂ ಅಂದರೆ, ತಿಂಗಳುಗಟ್ಟಲೆ ಚೂರುಚೂರಾಗಿ ಇಳಿಸುತ್ತಾರೆ. ಆ ತಿಂಗಳುಗಳಲ್ಲಿ ಗಾಡಿ, ಈಜು, ಏಣಿ ಹತ್ತುವುದು ಬೇಡ. ನನಗೆ ಇಲ್ಲ ಅಂದಿದ್ದಾರೆ. ಎರಡು ದಿನ ಬೇಜಾರಾಗಿತ್ತು.

11. ಮನೆಯವರಿಗೆ ಕಲಿಸಿ

ಎಷ್ಟೇ ಮಾತ್ರೆ ನುಂಗಿದರೂ ಒಮ್ಮೊಮ್ಮೆ ಬರುತ್ತದೆ. ಆಗ ಮನೆಯವರು ಗಡಿಯಾರ ನೋಡಬೇಕು, ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಬೇಕು, ಕತ್ತಿನ ಹತ್ತಿರ ಬಿಗಿ ಇದ್ದರೆ ಸಡಿಲಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬಾರದು. ಕೈಕಾಲು ಒತ್ತಿ ಹಿಡಿಯಬಾರದು. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮುಂಚೆಯೇ ಇನ್ನೊಂದು ಬಂದರೆ 108ಕ್ಕೆ ಫೋನ್. ಡಾಕ್ಟರ್ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ, ದೇವರ ಮನೆಯ ಗೂಡಿನಲ್ಲಿ ಇಟ್ಟರೆ ಯಾರೂ ಮರೆಯುವುದಿಲ್ಲ.

ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಇವುಗಳಿಂದ ಏನೂ ಆಗುವುದಿಲ್ಲ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಹೆಸರು ಬೀಗದ ಕೈಗೆ ಬರುತ್ತದೆ. ಇದನ್ನು ನಮ್ಮತ್ತೆಗೆ ಹತ್ತು ಸಲ ಹೇಳಿದ್ದೇನೆ. ಕಳೆದ ವರ್ಷ ಬಂದಾಗ ಅವರೊಬ್ಬರೇ ಮನೆಯಲ್ಲಿದ್ದರು. ಗಡಿಯಾರ ನೋಡಿದ್ದಾರೆ, ಪಕ್ಕಕ್ಕೆ ಹೊರಳಿಸಿದ್ದಾರೆ, ಸೆರಗು ಮಡಚಿ ತಲೆಯ ಕೆಳಗೆ ಇಟ್ಟಿದ್ದಾರೆ, ಆಮೇಲೆ ಕ್ಯಾಲೆಂಡರಿನಲ್ಲಿ 'ಫಿ, 2 ನಿಮಿಷ' ಅಂತಲೂ ಬರೆದಿದ್ದಾರೆ. ನನಗೆ ಎಚ್ಚರವಾದಾಗ ಕೈಯಲ್ಲಿ ಬೀರುವಿನ ಬೀಗದ ಕೈ ಗೊಂಚಲು ಇತ್ತು.